ಕ್ಯಾನಿನ ಚಿತ್ರ ನೋಡಿ ಬಿಯರ್ ತರಬೇಡಿ, ತಳ ನೋಡಿ

ಏಪ್ರಿಲ್ ಮೊದಲ ಶನಿವಾರ ಶಿವಮೊಗ್ಗದಿಂದ ಭಾವ ಬಂದಿದ್ದರು. ಅವರಿಗೆ ಗೊತ್ತಿರುವುದು 650 ಎಂಎಲ್ ಬಾಟಲಿಯ ಮಾಮೂಲಿ ಲಾಗರ್. ಬೆಂಗಳೂರಿನ ಸಣ್ಣ ಬ್ರೂವರಿಗಳ ಕ್ರಾಫ್ಟ್ ಬಿಯರ್ ರುಚಿ ತೋರಿಸಿಯೇ ಕಳಿಸಬೇಕು ಅನ್ನೋ ಹುಮ್ಮಸ್ಸಿನಲ್ಲಿ ಜಯನಗರದ ಒಂದು ಎಂಆರ್‌ಪಿ ಅಂಗಡಿಗೆ ಹೋದೆ. ರಾಕಿನಲ್ಲಿ ಒಂದು ಕ್ಯಾನ್ ಕಣ್ಣಿಗೆ ಬಿತ್ತು: ಯಕ್ಷಗಾನದ ವೇಷ, ಕಿರೀಟದ ತುಂಬ ಬಾದಾಮಿ ಮಾವಿನಹಣ್ಣು, ಕೆಳಗೆ ‘ಹೇಜಿ ಐಪಿಎ’, ಅಂದರೆ ಘಮ ಜೋರಾಗಿರುವ ಒಂದು ಬಗೆಯ ಮಬ್ಬು ಬಿಯರ್. ಇಷ್ಟು ಚೆಂದದ ಚಿತ್ರ ಬರೆಸಿದವರು ಒಳಗೂ ಒಳ್ಳೆಯದನ್ನೇ ತುಂಬಿರುತ್ತಾರೆ ಅಂದುಕೊಂಡು ನಾಲ್ಕು ತಂದೆ. ಸುಮಾರು 1,000 ರೂಪಾಯಿ ಹೋಯಿತು.

ಗ್ಲಾಸಿಗೆ ಬಗ್ಗಿಸಿದರೆ ಬಣ್ಣವೇ ಸರಿಯಿಲ್ಲ. ಹೇಜಿ ಅಂದರೆ ಮಬ್ಬು ಮಬ್ಬಾಗಿ, ಕಿತ್ತಳೆ ರಸದ ಹಳದಿಯಲ್ಲಿರಬೇಕು. ಇದು ಜೋನಿಬೆಲ್ಲ ಕದಡಿದ ನೀರಿನ ಹಾಗಿತ್ತು. ಮಾವಿನ ಸುಳಿವೇ ಇಲ್ಲ. ಮೂಗಿಗೆ ಬಂದದ್ದು ಮಳೆಯಲ್ಲಿ ನೆನೆದ ರಟ್ಟಿನ ಡಬ್ಬದ ವಾಸನೆ. ನಾಲಿಗೆಗೆ ಮೊದಲು ಮಂದ ಸಿಹಿ, ಆಮೇಲೆ ಗಂಟಲು ಕೆರೆಯುವ ಕಹಿ.

ಆಗ ಕ್ಯಾನ್ ತಿರುಗಿಸಿ ತಳ ನೋಡಿದೆ. ತಯಾರಾದದ್ದು ನವೆಂಬರ್‌ನಲ್ಲಿ, ಗಡುವು ಆರು ತಿಂಗಳು. ಲೆಕ್ಕಕ್ಕೆ ಇನ್ನೂ ಒಂದು ತಿಂಗಳ ಆಯಸ್ಸಿತ್ತು. ವೇಷದ ನೆರಿಗೆ ಮುಗಿಯುವ ಕಡೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ‘ಆ್ಯಡೆಡ್ ಫ್ಲೇವರ್’ ಅಂತ ಬೇರೆ ಇತ್ತು. ಪದಾರ್ಥಗಳ ಸಾಲಿನಲ್ಲಿ ಮಾವೇ ಇಲ್ಲ.

ಭಾವ ಇತಿಹಾಸದ ಮೇಷ್ಟ್ರು. ಸುಮ್ಮನಿರುತ್ತಾರಾ? “ಐಪಿಎಯಲ್ಲಿ ಐ ಅಂದ್ರೆ ಇಂಡಿಯಾ ಅಲ್ಲವೇನೋ? ಬ್ರಿಟಿಷರು ತಿಂಗಳುಗಟ್ಟಲೆ ಹಡಗಲ್ಲಿ ಸಾಗಿಸಿದ್ದು ಕೆಡಲಿಲ್ಲ, ನಿಮ್ಮ ಜಯನಗರದಲ್ಲಿ ಕೆಡ್ತಾ?” ಅಂದರು.

ಪ್ರಶ್ನೆ ನ್ಯಾಯವಾದದ್ದೇ, ಐಪಿಎ ಅಂದರೆ ಇಂಡಿಯಾ ಪೇಲ್ ಏಲ್. ಕಹಿ, ಪರಿಮಳಕ್ಕೆ ಹಾಕುವ ಹಾಪ್ಸ್ ಹೂವು ಬಿಯರನ್ನು ಹುಳಿಯಾಗದಂತೆ ಕಾಯುತ್ತದೆ ನಿಜ, ತನ್ನ ಪರಿಮಳವನ್ನು ಕಾಯಲಾರದು. ಹೇಜಿಗೆ ನಾವು ದುಡ್ಡು ಕೊಡುವುದೇ ಆ ಪರಿಮಳಕ್ಕೆ. ಒಳಗೆ ಉಳಿದ ಆಮ್ಲಜನಕಕ್ಕೆ ಹೊರಗಿನ ಸೆಕೆ ಸೇರಿದರೆ ಮೊದಲು ಹೋಗುವುದೇ ಅದು. ಆಮೇಲೆ ಬಣ್ಣ ಕಂದುತಿರುಗಿ ರಟ್ಟಿನ ವಾಸನೆ ಹುಟ್ಟುತ್ತದೆ. ಕಾಫಿಪುಡಿಯನ್ನು ವಾರಕ್ಕೊಮ್ಮೆ ಎದುರಿಗೇ ಪುಡಿ ಮಾಡಿಸಿ ತರುವ ಊರು ನಮ್ಮದು. ಬಿಯರ್ ವಿಷಯದಲ್ಲಿ ಮಾತ್ರ ನನಗೆ ಆ ಬುದ್ಧಿ ಓಡಲಿಲ್ಲ.

ಒಡೆಯದ ಎರಡು ಕ್ಯಾನ್ ಹಿಡಿದು ಅಂಗಡಿಗೆ ಹೋದೆ. “ಡೇಟ್ ಮುಗಿದಿಲ್ವಲ್ಲ ಸಾರ್, ವಾಪಸ್ ತಗೊಳಲ್ಲ” ಅಂದ ಕೌಂಟರಿನ ಹುಡುಗ. ಆಗ ಗಮನಿಸಿದೆ: ಆ ರಾಕ್ ಇರುವುದು ಫ್ರಿಜ್ಜಿನ ಬೆನ್ನಿಗೆ, ಕಂಪ್ರೆಸರಿನ ಬಿಸಿಗಾಳಿ ನೇರ ಹೊಡೆಯುವ ಕಡೆ.

ಹಠಕ್ಕೆ ಬಿದ್ದು ಮರುವಾರ ಇನ್ನೊಂದು ಅಂಗಡಿಯ ಫ್ರಿಜ್ಜಿನಿಂದ ಅದೇ ಬಿಯರ್ ತಂದೆ, ಮಾರ್ಚ್‌ನದ್ದು. ಹಳದಿ ಇತ್ತು, ರಟ್ಟಿನ ವಾಸನೆ ಇರಲಿಲ್ಲ, ಖುಷಿಯಾಗಿಯೇ ಕುಡಿದೆ. ಮಾವು ಮಾತ್ರ ಪೆಪ್ಪರಮೆಂಟಿನ ಮಾವು. ಅಂದರೆ ಅರ್ಧ ತಪ್ಪು ಅಂಗಡಿಯದ್ದು, ಅರ್ಧ ಲೇಬಲ್ಲಿನದ್ದು.

ಹಣ್ಣಿನ ಚಿತ್ರವೆಲ್ಲ ಮೋಸ ಅಂತಲೂ ಅಲ್ಲ. ಜರ್ಮನಿಯ ಗೋಧಿ ಬಿಯರ್ ಹೆಫೆವೈಜೆನ್ ಕ್ಯಾನಿನ ಮೇಲೆ ಬಾಳೆಹಣ್ಣಿದ್ದರೆ ನಂಬಬಹುದು. ಆ ಬಾಳೆಹಣ್ಣು, ಲವಂಗದ ವಾಸನೆ ಈಸ್ಟ್‌ನಿಂದಲೇ ಬರುತ್ತದೆ, ಹಣ್ಣು ಹಾಕಬೇಕಿಲ್ಲ. ವಿಟ್‌ಬಿಯರ್ ಅನ್ನೋ ಇನ್ನೊಂದು ಗೋಧಿ ಬಿಯರ್‌ಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುವುದು ಬೆಲ್ಜಿಯಂನ ಹಳೇ ಪದ್ಧತಿ. ಕಪ್ಪು ಬಣ್ಣದ ಸ್ಟೌಟ್ ಬಿಯರ್ ಗಟ್ಟಿ ಪಿಂಡ, ಸ್ವಲ್ಪ ಹಳತಾದರೂ ತಡೆಯುತ್ತದೆ. ಐಪಿಎ ಮಾತ್ರ ಎರಡು ತಿಂಗಳು ದಾಟಿದ್ದರೆ ಇನ್ನು ನಾನು ಮುಟ್ಟಲ್ಲ. ಫ್ರಿಜ್ಜಿನಿಂದಲೇ ತೆಗೆದುಕೊಡಿ ಅಂತ ಕೇಳಿ, ದುಡ್ಡು ಕೊಡುವ ಮೊದಲೇ ಕ್ಯಾನ್ ಬೋರಲು ಹಾಕಿ ತಾರೀಖು ನೋಡಿ. ಹಿಂದೆ ಕ್ಯೂ ಇದ್ದರೂ ನಾಚಿಕೊಳ್ಳಬೇಡಿ.

ನಿನ್ನೆ ಆ ಅಂಗಡಿ ಮುಂದೆ ಹಾದುಹೋದೆ. ಅದೇ ರಾಕಿನಲ್ಲಿ ಇನ್ನೂ ಎಂಟು ಕ್ಯಾನ್ ಇವೆ, ವೇಷ ಈಚೆಗೆ ಮುಖ ಮಾಡಿಕೊಂಡು.