ಹುಬ್ಬಳ್ಳಿ–ಧಾರವಾಡ ಪ್ಯಾಸೆಂಜರ್: ಹತ್ತು ರೂಪಾಯಿಗೆ ಎಷ್ಟು ರೈಲು ಸಿಗುತ್ತದೆ?

ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವುದಷ್ಟೇ ಕೆಲಸವಾಗಿದ್ದರೆ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸೇ ಸರಿ. ಸುಮಾರು 20 ಕಿಲೋಮೀಟರಿನ ಈ ಪ್ಯಾಸೆಂಜರ್ ಏನಿದ್ದರೂ, ರೈಲಿನ ಖುಷಿಗಾಗಿಯೇ ರೈಲು ಹತ್ತುವವರದು. ನಡುವೆ ಉಣಕಲ್, ಅಮರಗೋಳ, ನವಲೂರು. ವಂದೇ ಭಾರತ್‌ನಲ್ಲಿ ಗಾಜು ತೆರೆಯುವುದಿಲ್ಲ, ಹಳಿಯ ಸದ್ದೂ ಸರಿಯಾಗಿ ಕೇಳುವುದಿಲ್ಲ. ಪ್ಯಾಸೆಂಜರಿನಲ್ಲಿ ಎರಡೂ ಉಂಟು, ಅದೂ ಹತ್ತು ರೂಪಾಯಿಗೆ. ಪ್ಲಾಟ್‌ಫಾರ್ಮ್ ಟಿಕೆಟ್ಟಿಗೂ ಹತ್ತೇ ರೂಪಾಯಿ, ಅದು ಎರಡು ತಾಸಿಗೆ ಮುಗಿಯುತ್ತದೆ. ಸುಮ್ಮನೆ ನಿಂತು ನೋಡುವ ದುಡ್ಡಿನಲ್ಲೇ ಧಾರವಾಡಕ್ಕೆ ಹೋಗಬಹುದು!

ಹೊಸಬರು ಎಡವುವುದು ಟಿಕೆಟ್ಟಿನಲ್ಲಿ. ಪ್ಯಾಸೆಂಜರ್ ಟಿಕೆಟ್ ತೆಗೆದು, ಮುಂದೆ ಬಂದ ಎಕ್ಸ್‌ಪ್ರೆಸ್ ಹತ್ತಿದರೆ ದಂಡ ಬೀಳುತ್ತದೆ: ಕನಿಷ್ಠ 250 ರೂಪಾಯಿ, ಮೇಲೆ ದರದ ವ್ಯತ್ಯಾಸ. ಎಕ್ಸ್‌ಪ್ರೆಸ್ಸಿನಲ್ಲೇ ಹೋಗುವುದಿದ್ದರೆ ಆ ದರ್ಜೆಯ ಟಿಕೆಟ್ಟನ್ನೇ ಕೇಳಿ. ಮೊಬೈಲಿನಲ್ಲಿ ಕಾಗದವಿಲ್ಲದ ಟಿಕೆಟ್ ಸ್ಟೇಷನ್ ಒಳಗೆ ನಿಂತರೆ ಬುಕ್ ಆಗುವುದಿಲ್ಲ. ಹೊರಗೇ ಮುಗಿಸಿ, ಇಲ್ಲವೇ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. 200 ಕಿಲೋಮೀಟರಿಗಿಂತ ಕಡಿಮೆ ದೂರದ ಟಿಕೆಟ್ ತೆಗೆದ ಮೂರು ತಾಸಿನೊಳಗೆ ಪ್ರಯಾಣ ಶುರುವಾಗಬೇಕು. ಅಷ್ಟರಲ್ಲಿ ರೈಲೇ ಇಲ್ಲದಿದ್ದರೆ ಆ ಊರಿಗಿರುವ ಮೊದಲ ರೈಲಿನವರೆಗೆ ನಡೆಯುತ್ತದೆ. ಹಾಗಾಗಿ ವಾಪಸ್ ಬರುವ ಟಿಕೆಟ್ಟನ್ನು ಹುಬ್ಬಳ್ಳಿಯಲ್ಲೇ ತೆಗೆದಿಡಬೇಡಿ.

ಹೊರಡುವ ಮುಂಚೆ ಹುಬ್ಬಳ್ಳಿ ಸ್ಟೇಷನ್ನಿನ ಎಂಟನೇ ಪ್ಲಾಟ್‌ಫಾರ್ಮ್ ನೋಡಿ. 1,507 ಮೀಟರ್, ಜಗತ್ತಿನಲ್ಲೇ ಉದ್ದ. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಆಚೆ ತುದಿಗೆ ಹೋಗಿ ಬಂದರೆ ಮೂರು ಕಿಲೋಮೀಟರ್ ನಡಿಗೆ, ಬಿಸಿಲಿಗೆ ಅಷ್ಟೇನೂ ಮಜಾ ಇಲ್ಲ. ನಿಂತು ನೋಡಬೇಕಾದದ್ದು ಎಂಜಿನ್. ಹುಬ್ಬಳ್ಳಿ ಶೆಡ್ಡಿನ ಡೀಸೆಲ್ ಎಂಜಿನ್ನುಗಳ ಮೈಮೇಲೆ ‘ಯುಬಿಎಲ್’ ಎಂಬ ಹುಬ್ಬಳ್ಳಿಯ ರೈಲ್ವೆ ಗುರುತು ಬರೆದಿರುತ್ತದೆ. ಗೂಡ್ಸ್ ಎಳೆಯುವ ಡಬ್ಲ್ಯುಡಿಜಿ-4 ಎಂಬ ಡೀಸೆಲ್ ಎಂಜಿನ್ ಬಂದಾಗ, 1999ರಲ್ಲಿ, ಆ ಜಾತಿಯ ಎಂಜಿನ್ನುಗಳಿಗೆ ಮೊದಲು ಮನೆಯಾದದ್ದು ಇದೇ ಶೆಡ್ಡು. ನಿಂತಲ್ಲೇ ಗುರುಗುಡುವ ಆ ತಗ್ಗು ದನಿ ಒಮ್ಮೆ ಕಿವಿಗೆ ಹತ್ತಿದರೆ ಮುಂದೆ ಕಣ್ಣು ಮುಚ್ಚಿಯೂ ಗುರುತು ಸಿಗುತ್ತದೆ.

ಡಬ್ಬಿಯ ನಂಬರ್ ಓದುವುದನ್ನೂ ರೂಢಿಸಿಕೊಳ್ಳಿ. ಮೊದಲ ಎರಡು ಅಂಕಿ ತಯಾರಾದ ವರ್ಷ: 08 ಎಂದಿದ್ದರೆ 2008ರ ಡಬ್ಬಿ. ತುದಿಯ ಗೋಡೆಯ ಮೇಲೆ ಅದು ಯಾವ ವರ್ಕ್‌ಶಾಪಿನಿಂದ ಯಾವಾಗ ರಿಪೇರಿಯಾಗಿ ಬಂತು, ಮತ್ತೆ ಯಾವಾಗ ಹೋಗಬೇಕು ಎಂಬ ತಾರೀಖು ಬಣ್ಣದಲ್ಲಿ ಬರೆದಿರುತ್ತದೆ. ಇದನ್ನು ನೋಡಲು ಪ್ಲಾಟ್‌ಫಾರ್ಮಿನಿಂದ ಬಗ್ಗಿದರೆ ಸಾಕು, ಹಳಿಗೆ ಇಳಿಯುವ ಕೆಲಸ ಬೇಡ. ಹಳಿ ದಾಟಿದರೆ ರೈಲ್ವೆ ಕಾಯ್ದೆಯ 147ನೇ ಕಲಂ ಇದೆ, ಮೇಲೆ 25,000 ವೋಲ್ಟ್ ತಂತಿ ಇದೆ. ಮೇಲ್ಸೇತುವೆಯ ಮೇಲಂತೂ ಸೆಲ್ಫಿ ಕೋಲು ಹೊರಗೇ ತೆಗೆಯಬಾರದು.

ಯಾವ ಬದಿಗೆ ಕೂರಬೇಕು? ಹಳಿ ಹೆಚ್ಚೂಕಡಿಮೆ ವಾಯವ್ಯಕ್ಕೆ ಓಡುತ್ತದೆ. ಮುಂಜಾನೆ ಸೂರ್ಯ ಬಲಕ್ಕಿರುವುದರಿಂದ ಎಡ ಕಿಟಕಿ ಹಿಡಿಯಿರಿ. ಸಂಜೆಗೆ ಅದು ಉಲ್ಟಾ. ಧಾರವಾಡ ಹುಬ್ಬಳ್ಳಿಗಿಂತ ಎತ್ತರ. ಎರಡೂ ಊರಿನ ಹಳದಿ ಬೋರ್ಡಿನಡಿ ಬರೆದ ಸಮುದ್ರಮಟ್ಟದ ಲೆಕ್ಕ ನೋಡಿ ಕಳೆಯಿರಿ, ಎಂಜಿನ್ ಏರಿದ್ದೆಷ್ಟು ಎಂದು ತಿಳಿಯುತ್ತದೆ. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಪ್ಯಾಸೆಂಜರನ್ನು ಪಕ್ಕದ ಲೈನಿಗೆ ಹಾಕಿ ನಿಲ್ಲಿಸುವುದುಂಟು. ಆಫೀಸಿಗೆ ಹೊರಟವರಿಗೆ ಅದು ಶಾಪ. ರೈಲು ನೋಡಲೆಂದೇ ಬಂದವರಿಗೆ ಅದೇ ಊಟದೊಳಗಿನ ಉಪ್ಪಿನಕಾಯಿ. ಗೋವಾದ ಮೊರ್ಮುಗಾವ್ ಬಂದರಿನಿಂದ ತೋರಣಗಲ್ಲಿಗೆ ಕಲ್ಲಿದ್ದಲು ಹೊತ್ತ ಗೂಡ್ಸ್ ಇದೇ ಹಳಿಯ ಮೇಲೆ ಬರುತ್ತದೆ. ಘಟ್ಟದಲ್ಲಿ 37ಕ್ಕೆ 1ರ ಏರು, ಅಂದರೆ 37 ಮೀಟರ್ ಓಡಿದರೆ ಒಂದು ಮೀಟರ್ ಮೇಲೇರುವ ಹಳಿ, ಹತ್ತಿ ಬಂದ ಗಾಡಿಯದು.

ದಿನದ ಉಳಿದ ಹೊತ್ತಿಗೆ ಹುಬ್ಬಳ್ಳಿ ಸ್ಟೇಷನ್ನಿನ ಗದಗ ರಸ್ತೆ ಬದಿಯ ಬಾಗಿಲ ಹತ್ತಿರ ರೈಲ್ವೆ ಮ್ಯೂಸಿಯಂ ಇದೆ, 2020ರಲ್ಲಿ ತೆರೆದದ್ದು. ನ್ಯಾರೋಗೇಜ್ ಎಂಜಿನ್ನು, ಮಲಪ್ರಭಾ–ಘಟಪ್ರಭಾ ಹೆಸರಿನ ಹಳೆಯ ಮನೆಗಳು. ಮಕ್ಕಳಿದ್ದರೆ ಒಳ್ಳೆಯದು; ಓಡುವ ರೈಲು ಬೇಕೆನ್ನುವವರಿಗೆ ಒಂದು ತಾಸು ಸಾಕು.

ಇಷ್ಟು ಸಾಲದಿದ್ದರೆ ಗದಗದ ಪ್ಯಾಸೆಂಜರ್: ಸುಮಾರು 58 ಕಿಲೋಮೀಟರ್, ಕುಸುಗಲ್, ಅಣ್ಣಿಗೇರಿ, ಹುಲಕೋಟಿ ದಾಟಿ ಎರಿಭೂಮಿಯ ನಡುವೆ ಪೂರ್ವಕ್ಕೆ. ಚಳಿಗಾಲದಲ್ಲಿ ಬಿಸಿಲು ಬಲಗಡೆ, ಕೂರುವುದು ಎಡಗಡೆ.