ಗಜನಿ ಕಟ್ಟೆಗೆ ಮಣ್ಣೋ, ಕಲ್ಲೋ, ಕಾಂಡ್ಲವೋ?

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ನಮ್ಮದೊಂದು ಸಣ್ಣ ಗಜನಿ ಇದೆ, ಅಂದರೆ ಹೊಳೆಯ ಉಪ್ಪುನೀರು ಬರುವ ತಗ್ಗು ಗದ್ದೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತಲ್ಲ, ಅದೇ ಅಳಿವೆ. ಮಳೆಗಾಲದಲ್ಲಿ ಕಗ್ಗ, ಕೊಯ್ಲಾದ ಮೇಲೆ ಸಿಗಡಿ. ಕಗ್ಗ ಉಪ್ಪು ತಡೆಯುವ ಭತ್ತ, ನಿಜ. ಆದರೆ ಕಟ್ಟೆ ಒಡೆದು ಹೊಳೆಯೇ ನುಗ್ಗಿದರೆ ಅದೂ ಉಳಿಯುವುದಿಲ್ಲ. ಅದಕ್ಕೇ ಹೊಳೆ ಬದಿಯ ಕಟ್ಟೆಯನ್ನು ಮೂರು ಭಾಗ ಮಾಡಿಕೊಂಡು ಮೂರು ಬಗೆ ಮಾಡಿ ನೋಡಿದೆ. ಆರು ಮಳೆಗಾಲ ಕಳೆದಿದೆ.

ಮೊದಲ ಭಾಗ ಬರೀ ಮಣ್ಣು. ಗಜನಿಯ ಜೇಡಿಯನ್ನೇ ಎತ್ತಿ ಮೆತ್ತುವುದು, ಅಜ್ಜನ ಕಾಲದ ರೂಢಿ. ಖರ್ಚು ಕಡಿಮೆ, ಮೈಮುರಿ ಕೆಲಸ ಜಾಸ್ತಿ. ಒಂದು ಏಡಿ ಬಿಲ ಬಿಟ್ಟರೂ ಅದರೊಳಗೆ ನೀರು ಹರಿದು ಮಣ್ಣು ಹೊತ್ತೊಯ್ಯುತ್ತದೆ. ಕಟ್ಟೆ ಕುಸಿಯುವುದು ಭರತಿಯಲ್ಲಿ ಅಂತ ನಂಬಿದ್ದೆ. ಕಾದು ನೋಡಿದರೆ ಇಳಿತದಲ್ಲೇ ಜಾಸ್ತಿ. ಹೊರಗಿನ ನೀರು ಬೇಗ ಇಳಿಯುತ್ತದೆ. ನೆನೆದ ಮಣ್ಣು ಮಾತ್ರ ಭಾರವಾಗಿಯೇ ಇರುತ್ತದೆ, ಆತುಕೊಳ್ಳಲು ಎದುರಿಗೆ ನೀರಿರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನಮಗೆ ನಿದ್ದೆಯಿಲ್ಲ.

ಎರಡನೆಯದಕ್ಕೆ ಕಲ್ಲು ಹೊದಿಸಿದೆವು. ಮೂರರಲ್ಲಿ ಇದೇ ದುಬಾರಿ. ಎರಡು ವರ್ಷ ಗಟ್ಟಿಯಾಗಿತ್ತು. ಮೂರನೇ ಮಳೆಗಾಲಕ್ಕೆ ನಡುವೆ ಕುಸಿಯಿತು. ಕಟ್ಟಿದವರು ಕಲ್ಲಿನ ಹಿಂದೆ ಜಲ್ಲಿ ಹಾಸಿರಲಿಲ್ಲ. ಸಂದಿಯಿಂದ ಮಣ್ಣು ತೊಳೆದು ಹೋಗಿ ಒಳಗೆ ಪೊಳ್ಳಾಗಿತ್ತು. ಕಲ್ಲಿಗೆ ಬಡಿದ ಅಲೆ ಬುಡವನ್ನೂ ಕೊರೆಯಿತು. ಅದಕ್ಕಿಂತ ನನಗೆ ನೋವಾದದ್ದು ಬೇರೆ: ನಮ್ಮ ಕಲ್ಲು ಮುಗಿದಲ್ಲಿ ಪಕ್ಕದ ಮನೆಯವರ ಮಣ್ಣಿನ ಕಟ್ಟೆ ಕೊರೆಯತೊಡಗಿತು.

ಮೂರನೆಯದೂ ಮಣ್ಣಿನ ಕಟ್ಟೆಯೇ, ಆದರೆ ಎದುರಿಗೆ ಕಾಂಡ್ಲ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. ಮರದಲ್ಲಿ ನೇತಾಡುವ ಉದ್ದನೆಯ ಕೋಡುಗಳನ್ನು ತಂದು ಕೆಸರಿಗೆ ಚುಚ್ಚಿದೆ. ಮೊದಲ ವರ್ಷ ತೀರಾ ನೀರಂಚಿಗೆ ನೆಟ್ಟು ಅರ್ಧಕ್ಕರ್ಧ ಕಳೆದುಕೊಂಡೆ. ಮರುವರ್ಷ ಇಳಿತದಲ್ಲಿ ಕೆಸರು ಬಯಲಾಗುವ ಎತ್ತರಕ್ಕೆ ನೆಟ್ಟೆ, ಹಿಡಿದವು. ನಾಲ್ಕು ವರ್ಷಕ್ಕೆ ಬೇರು ಹೆಣೆದುಕೊಂಡಿತು. ಅಲೆ ಕಟ್ಟೆ ಮುಟ್ಟುವಷ್ಟರಲ್ಲಿ ಸೋತಿರುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಘಟ್ಟದ ಮಣ್ಣು ಮಳೆನೀರಿನ ಜೊತೆ ಇಲ್ಲಿವರೆಗೂ ಬರುತ್ತದೆ. ಅದು ಬೇರಿನ ನಡುವೆ ಕೂತು ಕಟ್ಟೆಯ ಬುಡ ಈಗ ಏರಿದೆ! ಏಡಿ ಬಿಲದ ಕಾಟ ಮಾತ್ರ ತಪ್ಪಿಲ್ಲ, ಮುಚ್ಚುತ್ತಲೇ ಇರಬೇಕು.

ನನ್ನ ಆಯ್ಕೆ ಮಣ್ಣು ಮತ್ತು ಕಾಂಡ್ಲ. ಹೊಳೆ ತಿರುಗುವ ಮೂಲೆಯಲ್ಲಿ ಸೆಳೆತಕ್ಕೆ ಗಿಡ ನಿಲ್ಲಲಿಲ್ಲ, ಅಲ್ಲಿ ಕಲ್ಲೇ ಬೇಕು, ಹಿಂದೆ ಜಲ್ಲಿ ಹಾಸಿ. ಬರುವ ಮಳೆಗಾಲಕ್ಕೆ ಮತ್ತಷ್ಟು ಕೋಡು ತರುತ್ತೇನೆ. ಪಕ್ಕದ ಮನೆಯವರ ಕಟ್ಟೆಯ ಎದುರಿನಿಂದಲೇ ನೆಡಲು ಶುರು ಮಾಡುತ್ತೇನೆ.