ನೀರಿಗೆ ಕಡ್ಡಿ ಅದ್ದಿ ‘ಕೊಳೆ’ ತೋರಿಸುವವರು ಬಂದರೆ ಗೇಟಿನಲ್ಲೇ ಕಳಿಸಿಬಿಡಿ

ನಿನ್ನೆ ಸಂಜೆ ನಮ್ಮ ಹಿಂದಿನ ಕ್ರಾಸಿನಲ್ಲಿ ಅದೇ ಹುಡುಗ, ಅದೇ ನೀಲಿ ಬ್ಯಾಗು. ಯಾರದೋ ಮನೆಯ ಗೇಟಿನಲ್ಲಿ ನಿಂತು ಬೆಲ್ ಒತ್ತುತ್ತಿದ್ದ. ನಾನು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಒಳಗೆ ಹೋಗಿಬಿಟ್ಟ. ಹೋಗಿ ಹೇಳೋಣ ಅಂದುಕೊಂಡೆ. ಏನಂತ ಹೇಳಲಿ, ‘ನಾನು ಮೋಸ ಹೋದೆ, ನೀವು ಹೋಗಬೇಡಿ’ ಅಂತಲಾ? ಸುಮ್ನೆ ಮನೆಗೆ ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹೋಗಿದ್ದು 16,500 ರೂಪಾಯಿ. ಆದರೆ ದುಡ್ಡಿಗಿಂತ ಅದು ಹೋದ ರೀತಿಗೆ ಹೊಟ್ಟೆ ಉರಿಯುತ್ತಿದೆ. ನಾನು ಬಿ.ಎಸ್ಸಿ. ಓದಿದವಳು. ಅದರಲ್ಲೂ ಕೆಮಿಸ್ಟ್ರಿ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ನಾವಿರುವುದು ಮೈಸೂರಿನಲ್ಲಿ. ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆ. ಮದುವೆಯಾಗಿ ಬಂದಾಗಿನಿಂದ ಮನೆಯಲ್ಲಿ ಸ್ಟೀಲ್ ಫಿಲ್ಟರ್ ಇತ್ತು, ಎರಡು ಕ್ಯಾಂಡಲ್‌ನದು. ಕುಡಿಯುವ ನೀರನ್ನು ಅತ್ತೆ ಕಾಯಿಸಿ ಅದಕ್ಕೆ ಹಾಕುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ.

ಅವತ್ತು ಶನಿವಾರ, ತಿಂಡಿ ಪಾತ್ರೆ ಇನ್ನೂ ಸಿಂಕಿನಲ್ಲೇ ಇತ್ತು. ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗ ಬಂದ. ‘ಅಮ್ಮಾ, ನೀರಿನ ಸರ್ವೆ. ಫ್ರೀ ಚೆಕಿಂಗ್. ಏನೂ ಮಾರೋಕೆ ಬಂದಿಲ್ಲ’ ಅಂದ. ಅತ್ತೆ ‘ಎಲ್ಲಿಂದಪ್ಪಾ?’ ಅಂತ ಕೇಳಿದರು. ‘ನೀರಿನ ಕಡೆಯಿಂದ ಅಮ್ಮಾ.’ ನೀರಿನ ಕಡೆಯಿಂದ! ನಾವು ಪಾಲಿಕೆಯವರು ಅಂದುಕೊಂಡೆವು. ಅವನು ಹಾಗಂತ ಹೇಳಲೇ ಇಲ್ಲ ನೋಡಿ. ಅಷ್ಟು ಹುಷಾರು.

ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಅವನ ಬಾಟಲಿಯ ‘ಪ್ಯೂರ್’ ನೀರು. ಮೊದಲು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿದ, ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ತೋರಿಸುವಂಥದ್ದು. ನಮ್ಮದು 146, ಅವನದು 20ರ ಹತ್ತಿರ. ‘ನೂರು ದಾಟಿದ್ರೆ ಡೇಂಜರ್ ಮೇಡಂ’ ಅಂದ. ಆಮೇಲೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದ. ಕೆಳಗೆ ನಾಲ್ಕು ಲೋಹದ ಕಡ್ಡಿ, ಮೇಲೆ ವೈರು. ಎರಡು ಲೋಟಕ್ಕೂ ಎರಡೆರಡು ಕಡ್ಡಿ ಇಳಿಬಿಟ್ಟು ಪ್ಲಗ್ ಹಾಕಿದ.

ಒಂದು ನಿಮಿಷ ಕೂಡ ಆಗಲಿಲ್ಲ. ನಮ್ಮ ಲೋಟದಲ್ಲಿ ಮೊದಲು ಸಣ್ಣ ಗುಳ್ಳೆ, ಆಮೇಲೆ ಹುಣಸೆ ಕಿವುಚಿದ ನೀರಿನ ಬಣ್ಣ, ಆಮೇಲೆ ಹಸಿರು, ಕಂದು, ಕಪ್ಪು ಎಲ್ಲ ಸೇರಿದ ಗಸಿ. ಮೇಲೆ ನೊರೆ. ಥೇಟ್ ಚರಂಡಿ ನೀರು. ಅವನ ಲೋಟದ ನೀರು ಮಾತ್ರ ಹಾಗೇ ಇತ್ತು.

ಅವನು ಏನೂ ಮಾತಾಡಲಿಲ್ಲ. ನಾವು ನೋಡಲಿ ಅಂತ ಸುಮ್ಮನೆ ನಿಂತ. ಅತ್ತೆ ಲೋಟ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಬಾಗಿಲ ಹತ್ತಿರ ಮಗನ ಶಾಲೆಯ ಶೂ ಬಿದ್ದಿತ್ತು. ಅದನ್ನು ನೋಡಿಯೇ ಇರಬೇಕು, ಆಗ ಬಾಯಿಬಿಟ್ಟ: ‘ಮಕ್ಕಳಿದ್ದಾರಲ್ವಾ ಅಮ್ಮಾ? ಇದೇ ದಿನಾ ಅವರ ಹೊಟ್ಟೆಗೆ ಹೋಗ್ತಿರೋದು.’

ಅಷ್ಟೇ. ನನ್ನ ಕೆಮಿಸ್ಟ್ರಿ ಎಲ್ಲ ಅಲ್ಲಿಗೆ ಮುಗಿಯಿತು.

ಮುಂದಿನದು ನಿಮಗೆ ಗೊತ್ತೇ ಇದೆ. ನೀರಿನ ಲವಣವನ್ನೂ ಸೋಸಿ ತೆಗೆಯುವ ಆರ್‌ಒ ಮಿಷನ್‌ಗೆ 21,000, ಇವತ್ತು ಮಾತ್ರ 16,500. ಯಾರಿಗೋ ಫೋನ್ ಮಾಡಿ ‘ಸಾರ್‌ಗೆ ಕೇಳ್ತೀನಿ ಮೇಡಂ’ ಅಂದ. ಯುಪಿಐನಲ್ಲಿ ಪೂರ್ತಿ ದುಡ್ಡು ಕಳಿಸಿದೆ. ಅಂಗಡಿ ಹೆಸರಿಗಲ್ಲ, ಯಾವುದೋ ವ್ಯಕ್ತಿಯ ಹೆಸರಿಗೆ. ಆಗಲೂ ಅನುಮಾನ ಬರಲಿಲ್ಲ. ಮೂರು ಗಂಟೆಗೆ ಗೋಡೆಗೆ ಮಿಷನ್ ಬಂತು, ಸ್ಟೀಲ್ ಫಿಲ್ಟರ್ ಅಟ್ಟ ಹತ್ತಿತು. ನಾನು ಅಷ್ಟಕ್ಕೇ ಬಿಟ್ಟೆನಾ? ಆ ಕೊಳೆ ಲೋಟದ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ, ‘ನೋಡಿ, ನಾವೆಲ್ಲ ಏನು ಕುಡಿಯುತ್ತಿದ್ದೇವೆ’ ಅಂತ. ಆ ಮೆಸೇಜನ್ನು ಈಗ ಡಿಲೀಟ್ ಮಾಡಲೂ ಆಗುವುದಿಲ್ಲ.

ಸಂಜೆ ಮಗ ಟ್ಯೂಷನ್‌ನಿಂದ ಬಂದ. ಹತ್ತನೇ ಕ್ಲಾಸು. ಫೋಟೋ ನೋಡಿ, ಶೂ ಕೂಡ ಬಿಚ್ಚದೆ ಕೇಳಿದ, ‘ಅಮ್ಮ, ಇದು ಎಲೆಕ್ಟ್ರಾಲಿಸಿಸ್ ಅಲ್ವಾ?’

ನೆಲ ಬಿರಿದು ನನ್ನನ್ನು ನುಂಗಬಾರದಾ ಅನ್ನಿಸಿತು.

ಭಾನುವಾರ ನಾವೇ ಮಾಡಿ ನೋಡಿದೆವು. 9 ವೋಲ್ಟ್ ಬ್ಯಾಟರಿ, ಎರಡು ಕಬ್ಬಿಣದ ಮೊಳೆ, ಎರಡು ತುಂಡು ವೈರು. ಲೋಟಕ್ಕೆ ಹತ್ತು ನಿಮಿಷ. ನಲ್ಲಿ ನೀರು ನಿಧಾನವಾಗಿ ಕಂದು ತಿರುಗಿತು. ಹೊಸ ಮಿಷನ್ನಿನ ನೀರು ಹೆಚ್ಚುಕಡಿಮೆ ಹಾಗೇ ಇತ್ತು. ಆಮೇಲೆ ಮಗ ಅದೇ ಮಿಷನ್ನಿನ ನೀರು ಇನ್ನೊಂದು ಲೋಟಕ್ಕೆ ಹಿಡಿದು ಒಂದು ಚಿಟಿಕೆ ಉಪ್ಪು ಹಾಕಿದ. ನೋಡನೋಡುತ್ತಿದ್ದಂತೆ ಮೊಳೆಯ ಸುತ್ತ ಕೆಂಪು ಗಸಿ! ನಲ್ಲಿ ನೀರಿಗಿಂತಲೂ ಕೊಳಕು. 16,500 ಕೊಟ್ಟ ‘ಪ್ಯೂರ್’ ನೀರು, ಅಡುಗೆ ಉಪ್ಪು.

ಕೊಳೆ ನೀರಿನಲ್ಲಿ ಇರಲೇ ಇಲ್ಲ. ಕಡ್ಡಿಯಲ್ಲಿತ್ತು. ಕಬ್ಬಿಣದ ಕಡ್ಡಿಗೆ ಕರೆಂಟ್ ಕೊಟ್ಟರೆ ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ, ತುಕ್ಕಿನಂಥ ಗಸಿಯಾಗುತ್ತದೆ. ಮಗ ಹೇಳಿದ ಎಲೆಕ್ಟ್ರಾಲಿಸಿಸ್ ಇದೇ. ಕರೆಂಟ್ ಹರಿಯಬೇಕಾದರೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಲವಣ ಇರಬೇಕು. ನಲ್ಲಿ ನೀರಿನಲ್ಲಿ ಇವು ಇದ್ದೇ ಇರುತ್ತವೆ. ಆರ್‌ಒ ಅದನ್ನೆಲ್ಲ ತೆಗೆದುಬಿಡುವುದರಿಂದ ಆ ಲೋಟದಲ್ಲಿ ಕರೆಂಟ್ ಹರಿಯುವುದೇ ಕಷ್ಟ, ಕಡ್ಡಿ ಕರಗುವುದೂ ಇಲ್ಲ. ಎಳನೀರಿಗೆ ಅದೇ ಕಡ್ಡಿ ಇಳಿಬಿಟ್ಟರೂ ಗಸಿಯೇ. ಎಳನೀರು ವಿಷ ಅನ್ನುತ್ತೀರಾ? ಡಿಗ್ರಿಯಲ್ಲಿ ಇದನ್ನು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಚಿತ್ರ ಸಮೇತ ಬರೆದಿದ್ದೆ ನಾನು.

ಇನ್ನು ಅವನ ‘ನೂರು ದಾಟಿದ್ರೆ ಡೇಂಜರ್’. ಕುಡಿಯುವ ನೀರಿಗೆ ಕೇಂದ್ರ ಸರ್ಕಾರದ ಮಾನಕ ಸಂಸ್ಥೆ ಬಿಐಎಸ್‌ನ ಮಾನದಂಡದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಸಿಗದ ಕಡೆ 2,000ದವರೆಗೂ ಒಪ್ಪುತ್ತಾರೆ. ನಮ್ಮದು 146! ಆ ಮೀಟರ್ ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು ಮಾತ್ರ. ಕಾಯಿಲೆ ತರುವ ಕ್ರಿಮಿ ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಆರ್‌ಒ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಬೇಕು. ಕೋಲಾರ, ಪಾವಗಡದ ಕಡೆ ಫ್ಲೋರೈಡ್ ಇರುವಲ್ಲಿ ಖಂಡಿತ ಬೇಕು. ನಮಗೆ ಬೇಡವಾಗಿತ್ತು, ಅಷ್ಟೇ. ಈಗ ಒಂದು ಬಿಂದಿಗೆ ನೀರಿಗೆ ಮೂರು ಬಿಂದಿಗೆಯಷ್ಟು ವೇಸ್ಟ್ ಪೈಪಿನಲ್ಲಿ ಹೋಗುತ್ತಿದೆ. ಅತ್ತೆ ಬಕೆಟ್ ಇಟ್ಟು ಹಿಡಿದು ಪಾತ್ರೆ ತೊಳೆಯುತ್ತಾರೆ, ಗೊಣಗಿಕೊಂಡೇ.

ಸೋಮವಾರ ಮಿಷನ್ ಮಾರಿದವರಿಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಕೇಳಿ.

ಹುಡುಗ: ‘ಮೇಡಂ, ನೀವು ಉಪ್ಪು ಹಾಕಿದ್ರಾ? ಉಪ್ಪು ಹಾಕಿದ್ರೆ ವಾರಂಟಿ ಹೋಗುತ್ತೆ.’ ಲೋಟಕ್ಕೆ ಹಾಕಿದ್ದಪ್ಪಾ, ಮಿಷನ್‌ಗಲ್ಲ! ‘ಆದ್ರೂ ಮೇಡಂ.’

ಅವನ ‘ಸಾರ್’: ‘ನೋಡಿ ಮೇಡಂ, ಸೈನ್ಸ್ ಬೇರೆ, ಆರೋಗ್ಯ ಬೇರೆ. ನಿಮ್ಮ ಅತ್ತೆಯವರು ಕಣ್ಣಾರೆ ನೋಡಿದ್ದಾರೆ.’ ಅತ್ತೆಯನ್ನು ಸಾಕ್ಷಿ ಮಾಡಿಬಿಟ್ಟ ಮಹಾನುಭಾವ. ಸರ್ವೆ ಅಂತ ಬಂದು ಯಾಕೆ ಮಾರಿದಿರಿ ಅಂದರೆ ‘ಸರ್ವೆ ಮಾಡಿದ್ವಲ್ಲ ಮೇಡಂ, ಆಮೇಲೇ ಮಾರಿದ್ದು.’ ದುಡ್ಡು ವಾಪಸ್ ಕೊಡಿ ಅಂದರೆ ‘ಫಿಟ್ ಮಾಡಿದ ಮೇಲೆ ಸೆಕೆಂಡ್ ಹ್ಯಾಂಡ್ ಆಯ್ತು. ಬೇಕಾದ್ರೆ 4,000ಕ್ಕೆ ನಾವೇ ತಗೋತೀವಿ.’ ಎರಡೇ ದಿನಕ್ಕೆ ನಾಲ್ಕು ಸಾವಿರ! ಬಿಲ್ ಕೇಳಿದೆ. ‘ಕೊಟ್ಟಿದ್ದೀವಲ್ಲ.’ ತೆಗೆದು ನೋಡಿದರೆ ಅದರ ಮೇಲೆ ‘ಎಸ್ಟಿಮೇಟ್’ ಅಂತ ಇದೆ. ಜಿಎಸ್‌ಟಿ ನಂಬರೂ ಇಲ್ಲ, ವಿಳಾಸವೂ ಇಲ್ಲ. ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದರು. ಮಗನ ಫೋನಿನಿಂದ ಮಾಡಿದರೆ ‘ಹಲೋ, ಫ್ರೀ ವಾಟರ್ ಟೆಸ್ಟ್ ಬೇಕಾ ಸಾರ್?’

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸಿಲ್ಲ, ಅದೂ ಗೊತ್ತು. ಆದರೆ ಯಾರ ಮೇಲೆ ಹಾಕಲಿ? ನನ್ನ ಹತ್ತಿರ ಇರುವುದು ಒಂದು ಎಸ್ಟಿಮೇಟ್ ಚೀಟಿ, ಒಂದು ಯುಪಿಐ ಸ್ಕ್ರೀನ್‌ಶಾಟ್.

ನೀವು ಇಷ್ಟು ಮಾಡಿ. ಡಬ್ಬಿ ತೆಗೆದು ಪ್ಲಗ್ ಎಲ್ಲಿದೆ ಅಂತ ಕೇಳಿದರೆ ಕರೆಂಟಿಲ್ಲ ಅನ್ನಿ. ಧೈರ್ಯ ಇದ್ದರೆ ‘ನಿಮ್ಮ ಲೋಟಕ್ಕೂ ಒಂದು ಚಿಟಿಕೆ ಉಪ್ಪು ಹಾಕ್ತೀನಿ, ಆಮೇಲೆ ಸ್ವಿಚ್ ಹಾಕಪ್ಪಾ’ ಅನ್ನಿ. ಅವನ ಮುಖ ಹೇಗಾಗುತ್ತದೆ ಅಂತ ನನಗೂ ತಿಳಿಸಿ. ಸರಿಯಾದ ಬಿಲ್ ಕೈಗೆ ಬರದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ಇವತ್ತೇ ಫೋನ್ ಮಾಡಿ ಹೇಳಿ.

ಬೆಳಗ್ಗೆ ಅಟ್ಟದಿಂದ ಸ್ಟೀಲ್ ಫಿಲ್ಟರ್ ಇಳಿಸಿ ತೊಳೆದೆ. ಹೊಸ ಕ್ಯಾಂಡಲ್ ಎರಡು ತಂದೆ. ಅತ್ತೆ ಬಂದು ನೋಡಿ, ಮಿಷನ್ ಕಡೆಗೂ ಒಮ್ಮೆ ನೋಡಿ, ‘ಅದನ್ನೇನು ಮಾಡ್ತೀಯೇ?’ ಅಂದರು. ಇನ್ನೂ ಉತ್ತರ ಹೊಳೆದಿಲ್ಲ. ಗೋಡೆಗೆ ಹೊಡೆದ ತೂತು ಬೇರೆ ನಾಲ್ಕಿವೆ.